ಲಿಖಿತ, ಭುಕ್ತಿ, ಸಾಕ್ಷಿ: ಹುನಗುಂದ ಸೀಮೆಯ ಲಾವಣಿದಾರರ ಹಕ್ಕಿನ ಇತಿಹಾಸ

ಪ್ರಮಾಣಗಳು ಮೂರೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುವದು: ಲಿಖಿತ, ಭುಕ್ತಿ, ಸಾಕ್ಷಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇವುಗಳ ಬಲಾಬಲವನ್ನು ವಿಸ್ತಾರವಾಗಿ ವಿಚಾರಿಸಿದ್ದಾನೆ. ಕ್ರಯ, ದಾನ ಮುಂತಾದ ಆಗಮವಿಲ್ಲದ ಬರಿಯ ಭುಕ್ತಿಯು ದುರ್ಬಲವೆಂಬದು ಅಲ್ಲಿಯ ಸಾಮಾನ್ಯ ನಿಯಮ. ಬೆಳೆಯ ಅರ್ಧಭಾಗಕ್ಕಾಗಿ ಪರರ ಹೊಲವನ್ನು ಉಳುವವನಿಗೆ ಸ್ಮೃತಿಕಾರರು ಅರ್ಧಸೀರಿಯೆಂದು ಹೆಸರಿಟ್ಟರು, ಸೀರವೆಂದರೆ ನೇಗಿಲು. ಆದರೆ ಆಚಾರಾಧ್ಯಾಯದಲ್ಲಿ ಅವನ ಹೆಸರು ಬರುವದು ಅವನ ಅನ್ನವನ್ನು ಉಣ್ಣಬಹುದೇ ಎಂಬ ಪ್ರಸಂಗದಲ್ಲಿ. ಅವನು ಉತ್ತ ಹೊಲದಲ್ಲಿ ಅವನಿಗೇನು ಹಕ್ಕೆಂಬ ಪ್ರಸಂಗದಲ್ಲಲ್ಲ.

ಹುನಗುಂದ ಸೀಮೆಯ ಎರೆಹೊಲಗಳಲ್ಲಿ ಜೋಳ ಬಿತ್ತಿದ ಕೋರಿನ ರೈತನ ಸ್ಥಿತಿಯು ಮುಂಬಯಿ ಸರಕಾರದ ಆಳಿಕೆಯಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. ರೈತವಾರಿ ಪದ್ಧತಿಯಲ್ಲಿ ಸರಕಾರವು ಬಲ್ಲದ್ದು ಖಾತೆದಾರನನ್ನು. ಕೋರು ಬಾಯಿಮಾತಿನದು, ಆದುದರಿಂದ ಲಿಖಿತವಿಲ್ಲ. ಲಾವಣಿದಾರನ ಭುಕ್ತಿಯು ಒಡೆಯನ ಭುಕ್ತಿಯೆಂದೇ ಎಣಿಸಲ್ಪಡುತ್ತಿತ್ತು. ಸಾಕ್ಷಿ ಹೇಳಬೇಕಾದ ನೆರೆಹೊಲದವನೂ ಅದೇ ಒಡೆಯನ ಋಣದಲ್ಲಿದ್ದರೆ ಬಾಯಿ ತೆರೆಯುವದೆಂತು? 1906ರ ಮಾಮಲೇದಾರ ಕೋರ್ಟುಗಳ ಕಾಯದೆಯೊಂದೇ ಕೈಗೆಟುಕುವ ಬಾಗಿಲಾಗಿತ್ತು. ಕಾಯದೆಯ ಕ್ರಮವಿಲ್ಲದೆ ಹೊಲದಿಂದ ಹೊರದೂಡಲ್ಪಟ್ಟವನು ಆರು ತಿಂಗಳೊಳಗಾಗಿ ತಾಲೂಕಿನ ಮಾಮಲೇದಾರನಲ್ಲಿ ಫಿರ್ಯಾದಿ ಕೊಡಬಹುದಾಗಿತ್ತು. ಆದರೆ ಅಲ್ಲಿ ತೀರ್ಮಾನವಾಗುತ್ತಿದ್ದುದು ಕಬಜೆಯ ಮಾತು ಮಾತ್ರ.

1939ರ ಮುಂಬಯಿ ಕುಳಕಾಯದೆಯು ಮೊದಲು ಕೆಲವು ಜಿಲ್ಲೆಗಳಿಗೆ, 1946ರಲ್ಲಿ ಇಡೀ ಪ್ರಾಂತಕ್ಕೆ ಅನ್ವಯಿಸಿತು. ಅದರ ಹಿಂದೆಯೇ 1948ರ ಕಾಯದೆ ಬಂದಿತು. ಈ ಎರಡನೆಯದು ನಿಜವಾಗಿ ದೊಡ್ಡ ಕಾಯದೆ. ಪರರ ಹೊಲವನ್ನು ನ್ಯಾಯವಾಗಿ ಸಾಗುವಳಿ ಮಾಡುವವನು, ಒಡೆಯನ ಮನೆಯವನಾಗಲಿ ಕೂಲಿಯ ಆಳಾಗಲಿ ಅಲ್ಲದಿದ್ದರೆ, ಕುಳನೆಂದೇ ಭಾವಿಸತಕ್ಕದ್ದೆಂದು ಅದು ವಿಧಿಸಿತು. ಗೇಣಿಯು ಒಣಬೇಸಾಯದಲ್ಲಿ ಬೆಳೆಯ ಮೂರರಲ್ಲೊಂದು ಪಾಲನ್ನೂ ನೀರಾವರಿಯಲ್ಲಿ ನಾಲ್ಕರಲ್ಲೊಂದು ಪಾಲನ್ನೂ ಮೀರಬಾರದು. ಗೇಣಿಗೆ ಪಾವತಿ ಕೊಡತಕ್ಕದ್ದು. ಮಾಮಲೇದಾರನ ಹುಕುಮಿಲ್ಲದೆ ಒಡೆಯನು ಹೊಲವನ್ನು ಬಿಡಿಸಿಕೊಳ್ಳಕೂಡದು. ಅರ್ಧಸೀರಿಯು ಕಾಯದೆಯ ಪ್ರಕಾರ ತೃತೀಯಾಂಶವನ್ನಷ್ಟೇ ಕೊಡತಕ್ಕವನಾದನು! ಆದರೆ ಪಾವತಿ ಕೇಳಿದವನಿಗೆ ಮರುವರ್ಷ ಹೊಲ ಸಿಕ್ಕೀತೇ? ಕಾಯದೆಯು ಇಂಥ ಭಯವನ್ನು ಅಳೆಯಲಾರದು.

ಮುಂಬಯಿ ಶಾಸಕರು 1956ರ ತಿದ್ದುಪಡಿಯಿಂದ ಉಳುವವನನ್ನೇ ಒಡೆಯನನ್ನಾಗಿ ಮಾಡುವ ದಿನವೆಂದು 1957ರ ಏಪ್ರಿಲ್ 1ನ್ನು ಗೊತ್ತುಮಾಡಿದ್ದರು. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಹೊಸ ಸರಕಾರವು 1957ರಲ್ಲಿ ಆ ಕಲಮುಗಳನ್ನು ತಡೆಹಿಡಿಯಿತು. ಕನ್ನಡಿಗರ ಏಕೀಕರಣದ ಸಂತೋಷದಲ್ಲಿ ಹುನಗುಂದದ ಲಾವಣಿದಾರನ ಈ ನಷ್ಟವನ್ನು ಲೆಕ್ಕ ಹಿಡಿದವರು ವಿರಳ. ರಾಜ್ಯಕ್ಕೆಲ್ಲ ಒಂದೇ ಆದ 1961ರ ಭೂಸುಧಾರಣಾ ಕಾಯದೆಯು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು.

ದೇವರಾಜ ಅರಸರ ಸರಕಾರವು ಮಾಡಿದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನಕ್ಕೆ ನಿಕಟಪೂರ್ವದಲ್ಲಿ ಕುಳಗಳ ಕೈಯಲ್ಲಿದ್ದ ಭೂಮಿಯೆಲ್ಲ ಸರಕಾರದ್ದಾಯಿತು; ಕುಳನು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅದನ್ನು ತನ್ನದಾಗಿ ಪಡೆಯಬೇಕಾಯಿತು. ಭುಕ್ತಿಯು ಇಲ್ಲಿ ಆಗಮವನ್ನು ಗೆದ್ದಿತು. ಆದರೆ ಭುಕ್ತಿಯನ್ನು ತೋರಿಸುವದು ಹೇಗೆ? ಪುನಃ ಲಿಖಿತದಿಂದ! ಪಹಣಿಯಲ್ಲಿ ಸಾಗುವಳಿದಾರನ ಹೆಸರು ಯಾರದೆಂಬದೇ ಮೊದಲ ಪ್ರಶ್ನೆ. ವರ್ಷವರ್ಷವೂ ಒಡೆಯನ ಹೆಸರೇ ಬರೆಯಲ್ಪಟ್ಟಿದ್ದಲ್ಲಿ ಕುಳನಿಗೆ ಉಳಿದದ್ದು ಗೇಣಿಯ ಪಾವತಿ, ಇಲ್ಲವೆ ನೆರೆಯವರ ಸಾಕ್ಷಿ.

ಈ ಅರ್ಜಿಗಳನ್ನು ವಿಚಾರಿಸಲು ಭೂನ್ಯಾಯಮಂಡಳಿಗಳಾದವು. ಅಸಿಸ್ಟಂಟ್ ಕಮಿಶನರರು ಅಧ್ಯಕ್ಷರು. ಸರಕಾರವು ನಾಮಕರಣ ಮಾಡಿದ ಸದಸ್ಯರು ನಾಲ್ವರು. ವಕೀಲರು ಅಲ್ಲಿ ವಾದಿಸಕೂಡದೆಂದು ಕಾಯದೆಯಿತ್ತು. ಬಡವನಿಗೆ ಖರ್ಚು ತಪ್ಪಲೆಂಬ ಉದ್ದೇಶವು ಒಳ್ಳೆಯದೇ. ಆದರೆ ಓದುಬರಹ ಬಲ್ಲ ಒಡೆಯನು ತನಗೆ ತಾನೇ ಅರ್ಧ ವಕೀಲನು. ಅಕ್ಷರವರಿಯದ ರೈತನಿಗೆ ಆಸರೆ ಯಾರು? ವಕೀಲರನ್ನು ತಡೆಯುವ ಆ ಕಲಮು ನಿಲ್ಲದೆಂದು 1987ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದಕ್ಕಿಂತ ಕಠಿಣವಾದದ್ದು ಇನ್ನೊಂದು. ಮಂಡಳಿಯ ತೀರ್ಪಿನ ಮೇಲೆ ಮೊದಲು ಅಪೀಲಿರಲಿಲ್ಲ. ಸೋತವನು ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕುತ್ತಿದ್ದನು. ಆಗ ತನ್ನ ತಾಲೂಕಿನಲ್ಲಿ ಗೆದ್ದ ಕುಳನೂ ನೂರಾರು ಮೈಲು ದೂರದಲ್ಲಿ ವಕೀಲನನ್ನು ಹುಡುಕಬೇಕು. 1986ರ ತಿದ್ದುಪಡಿಯಿಂದ ಜಿಲ್ಲೆಗಳಲ್ಲಿ ಅಪೀಲು ಪ್ರಾಧಿಕಾರಗಳಾದವು; ಅವೂ ಬಹುಕಾಲ ಬಾಳಲಿಲ್ಲ. ಧಾರವಾಡದಲ್ಲಿ ಪೀಠವಾದದ್ದು 2008ರಲ್ಲಿ.

ಧರ್ಮಾರ್ಥ ವಕೀಲಿಯು ಕೃಪೆಯಾಗಿದ್ದುದು ಹಕ್ಕಾದದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯಿಂದ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನೆಣಿಸದೆ, ಇತರ ಬಡವರಿಗೆ ಆದಾಯದ ಮಿತಿಗೊಳಪಟ್ಟು, ವಕೀಲರನ್ನು ಸರಕಾರದ ಖರ್ಚಿನಿಂದ ಕೊಡತಕ್ಕದ್ದು. ಇದರ ಅರ್ಜಿಗೆ ಬೆಂಗಳೂರಿಗೆ ಹೋಗಬೇಕಾದುದಿಲ್ಲ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿಯೇ ಕೊಡಬಹುದು. ಲೋಕ ಅದಾಲತ್ತಿನಲ್ಲಿ ಕೋರ್ಟು ಫೀ ಇಲ್ಲ. ಮೊದಲು ಕಟ್ಟಿದ್ದರೆ ಮರಳಿ ಸಿಗುವದು.

ಈಗ ಈ ಬಾಗಿಲನ್ನು ತಟ್ಟಬೇಕಾದವರಲ್ಲಿ ಹಳೆಯ ಕುಳಗಳ ಹೆಣ್ಣುಮಕ್ಕಳೂ ಇದ್ದಾರೆ. ಮನೆತನದ ಕೋರಿನ ಹೊಲಕ್ಕೆ 7ನೆಯ ನಮೂನೆಯನ್ನು ಹಲವೆಡೆ ಹಿರಿಯ ಮಗನೊಬ್ಬನೇ ಬರೆದುಕೊಟ್ಟನು. ಹಕ್ಕುಪತ್ರವೂ ಅವನ ಹೆಸರಿಗೇ ಬಂದಿತು. ಅವಿಭಕ್ತ ಕುಟುಂಬದ ಕುಳತನದಿಂದ ಬಂದ ಭೂಮಿಯು ಕುಟುಂಬಕ್ಕೆಲ್ಲ ಸೇರತಕ್ಕದ್ದೆಂದು ನ್ಯಾಯಾಲಯಗಳು ಹೇಳಿವೆ. ಹಕ್ಕುಪತ್ರದ ಲಿಖಿತವು ಅಣ್ಣನ ಪೆಟ್ಟಿಗೆಯಲ್ಲಿದ್ದರೂ ತಂದೆಯು ಉತ್ತ ಹೊಲಕ್ಕೆ ಪಹಣಿಯ ಹಳೆಯ ಉತಾರವು ತಹಶೀಲದಾರರ ಕಚೇರಿಯಲ್ಲಿ ದೊರೆಯುವದು.