ಕೃಷ್ಣಾತೀರದ ದೇಶಾಂತರ ಪಕ್ಷಿಗಳು

ಬೀಳಗಿ ತಾಲೂಕಿನ ಗಲಗಲಿಯನ್ನು ಜನರು ಗಾಲವ ಋಷಿಯ ಕ್ಷೇತ್ರವೆಂತಲೂ ಪಂಡಿತರ ಊರೆಂತಲೂ ಬಲ್ಲರು. ಅದರ ಮಗ್ಗುಲಲ್ಲಿ ಹರಿಯುವ ಕೃಷ್ಣೆಯ ದಂಡೆಗೆ ಹಿಮಾಲಯದಾಚೆಯಿಂದ ಬರುವ ಅತಿಥಿಗಳ ಇತಿಹಾಸವನ್ನು ವಿಚಾರಿಸಿದವರು ಮಾತ್ರ ವಿರಳ.

ಪಕ್ಷಿಗಳು ಋತುಮಾನಕ್ಕನುಸರಿಸಿ ದೇಶಾಂತರ ಹೋಗುವವೆಂಬುದು ನಮ್ಮ ಪೂರ್ವಿಕರಿಗೆ ಹೊಸ ಸಂಗತಿಯಲ್ಲ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಮಾನಸ ಸರೋವರಕ್ಕೆ ಹೊರಡುವವು. ಕ್ರೌಂಚಪರ್ವತದ ಕಂಡಿಯೇ ಅವುಗಳ ಬಾಗಿಲು. ಇಂದು ಕನ್ನಡದಲ್ಲಿ ರಾಜಹಂಸವೆನಿಸಿಕೊಳ್ಳುವ ನೀಳಗಾಲಿನ ನಸುಗೆಂಪು ಹಕ್ಕಿಗೆ ಈ ವರ್ಣನೆಯು ಹೊಂದದು; ಅದು ಮರಿಮಾಡುವದು ಕಚ್ಛದ ರಣದಲ್ಲಿ. ಟಿಬೇಟ, ಮಂಗೋಲಿಯಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ನಮ್ಮ ಕೆರೆಗಳಿಗೆ ಬರತಕ್ಕದ್ದು ಪಟ್ಟೆತಲೆಯ ಹೆಬ್ಬಾತು. ಅದಾದರೂ ಬೇಸಿಗೆಯು ಬಲಿಯುವ ಮೊದಲೇ ತಿರುಗಿ ಹೋಗುವದು; ಕವಿಯ ಹಂಸವು ಆಷಾಢದ ಗುಡುಗಿಗಾಗಿ ಕಾದಿರುವದು. ಕಾವ್ಯಕ್ಕೆ ಅಷ್ಟು ಸ್ವಾತಂತ್ರ್ಯವು ಸಲ್ಲತಕ್ಕದ್ದೇ.

ಬರವಣಿಗೆಯ ದಾಖಲೆಯು ಆರಂಭವಾದದ್ದು ಆಂಗ್ಲರ ಕಾಲದಲ್ಲಿ. ಸೇನಾಧಿಕಾರಿಯಾದ ಸೈಕ್ಸ್ ಸಾಹೇಬನು ದಖ್ಖನದ ಪಕ್ಷಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದನು. 1881ರಲ್ಲಿ ಬಟ್ಲರನ ಪಟ್ಟಿಯು ಹ್ಯೂಮನ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಬಂದಿತು. ಅದರಲ್ಲಿ ಕನ್ನಡ ಸೀಮೆಯು ‘ದಕ್ಷಿಣ ಮರಾಠಾ ದೇಶ’ವೆಂಬ ಹೆಸರಿನಿಂದ ಸೇರಿರುವದು! ನಾಡಿನವರೇ ತಮ್ಮ ನಾಡನ್ನು ಬಣ್ಣಿಸದಿದ್ದರೆ ಅನ್ಯರಿಟ್ಟ ಹೆಸರೇ ನಿಲ್ಲುವದು. ಆ ಕಾಲದ ಪಕ್ಷಿವೀಕ್ಷಣವು ಕೋವಿಯಿಂದಲೇ ನಡೆಯುತ್ತಿತ್ತು. ಹೊಡೆದು, ಚರ್ಮವನ್ನು ಸುಲಿದಿಟ್ಟ ಹೊರತು ಹಕ್ಕಿಯನ್ನು ಕಂಡಂತಾಗುತ್ತಿರಲಿಲ್ಲ. ದುರ್ಬೀನು ಕೋವಿಯ ಸ್ಥಾನವನ್ನು ಪಡೆಯಲು ಮುಂದೆ ಬಹುಕಾಲ ಹಿಡಿಯಿತು.

ಭಾದ್ರಪದದಲ್ಲಿ, ನದಿಯ ಕೆಂಪು ನೀರು ಇನ್ನೂ ಇಳಿಯದಿರುವಾಗಲೇ, ಮೊದಲ ಗದ್ದೆಗೊರವಗಳೂ ಬಾಲ ಕುಣಿಸುವ ಸಿಪಿಲೆಗಳೂ ಕಾಣತೊಡಗುವವು. ಚಳಿ ಬಿದ್ದ ಮೇಲೆ ಬಾತುಗಳು ಬರುವವು. ಮಧ್ಯ ಏಶಿಯದ ಹುಲ್ಲುಗಾಡುಗಳಿಂದ ಕರ್ಕರ ಕೊಕ್ಕರೆಗಳು ಬರುವವು. ಈ ಕೊಕ್ಕರೆಗಳು ಗೋಕಾಕ ಹತ್ತಿರದ ಧೂಪದಾಳದ ನೀರಿಗೂ ಬರುವವು. 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. ಇವು ಕಾಳು ತಿಂದು ಬದುಕುವವಾದ್ದರಿಂದ ಕಡಲೆಯ ಹೊಲದ ಒಡೆಯನಿಗೆ ಇವುಗಳ ಸೌಂದರ್ಯವು ಸಹಜವಾಗಿ ಕಡಿಮೆ ತೋರುವದು.

ಆದರೆ ನದಿಯ ಸ್ವರೂಪವೇ ಬದಲಾಗಿದೆ. ಬೇಸಿಗೆಯಲ್ಲಿ ಮರಳದಿಬ್ಬಗಳಾಗಿ ಒಣಗುತ್ತಿದ್ದ ಕೃಷ್ಣೆಗೆ ಜಮಖಂಡಿ ಭಾಗದ ರೈತರು ಸ್ವಂತ ಹಣ, ಸ್ವಂತ ಶ್ರಮಗಳಿಂದ ಚಿಕ್ಕಪಡಸಲಗಿಯಲ್ಲಿ ಬಂಧಾರವನ್ನು ಕಟ್ಟಿ 1989ರಲ್ಲಿ ಪೂರೈಸಿದರು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರು ಬೀಳಗಿಯ ಫಲವತ್ತಾದ ಹೊಲಗಳನ್ನೂ ಹಳೆಯ ಬಾಗಲಕೋಟೆಯ ಬಹುಭಾಗವನ್ನೂ ಆವರಿಸಿತು. ಮಾಘದ ತರುವಾಯ ಈ ಹಿನ್ನೀರು ಸರಿದಂತೆ ತೆರೆಯುವ ಕೆಸರಿನಲ್ಲಿ ಈಗ ರಾಜಹಂಸಗಳು ಮೇಯುವವು. ಅವು ಕೊಕ್ಕಾಡಿಸುವ ಸ್ಥಳಗಳಲ್ಲಿ ಒಂದು ತಲೆಮಾರಿನ ಹಿಂದೆ ಜೋಳದ ರಾಶಿಯಾಗುತ್ತಿತ್ತು. ಹಕ್ಕಿಗಳ ಸೊಬಗನ್ನು ಹೊಗಳುವವರು ಈ ಮಾತನ್ನು ಬಿಟ್ಟು ಬರೆಯುವದು ನ್ಯಾಯವಲ್ಲ.

ನೀರು ಈವರೆಗೆ 519.60 ಮೀಟರಿನ ಮಟ್ಟಕ್ಕೆ ನಿಲ್ಲುತ್ತ ಬಂದಿದೆ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 524.256 ಮೀಟರಿನ ವರೆಗೆ ನಿಲ್ಲಿಸಲು ಒಪ್ಪಿಗೆಯಿತ್ತಿತು. ಮಟ್ಟವು ಏರಿದರೆ ಇನ್ನೂ ಅನೇಕ ಊರುಗಳು ಏಳಬೇಕಾಗುವದು. ಕೆಸರಿನ ಬಯಲೂ ದಂಡೆಯೊಂದಿಗೆ ಮೇಲಕ್ಕೆ ಸರಿಯುವದು, ಹಕ್ಕಿಗಳು ಅದನ್ನು ಹಿಂಬಾಲಿಸುವವು.