ಹಲ್ಲಿನ ಬಾಕಿ, ದವಡೆಯ ಬಡ್ಡಿ

ಆಸ್ಟ್ರೇಲಿಯಾದಲ್ಲಿ ಹಣಕಾಸು ವರ್ಷ ಮುಗಿಯುವುದು ಜೂನ್ 30ಕ್ಕೆ. ಅಲ್ಲಿಂದ ಮೂರ್ನಾಲ್ಕು ತಿಂಗಳು ನನ್ನಂಥ ಅಕೌಂಟೆಂಟರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಕೆಲವು ವರ್ಷಗಳ ಹಿಂದೆ, ಅಂಥದೇ ಒಂದು ಜುಲೈಯಲ್ಲಿ, ಕೆಳದವಡೆಯ ಹುಳುಕು ಹಲ್ಲೊಂದು ನೋಯತೊಡಗಿತು. ಸಿಡ್ನಿಯಲ್ಲಿ ರೂಟ್ ಕೆನಾಲ್‌ಗೆ ಎಷ್ಟಾಗುತ್ತದೆಂದು ವಿಚಾರಿಸಿದೆ. ಕೇಳಿದ ಮೊತ್ತವನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದೆ. ಎಷ್ಟು ವರ್ಷವಾದರೂ ಬಿಡದ ಚಟ ಅದು. ‘ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗುತ್ತೇವಲ್ಲ, ಅಲ್ಲೇ ಮಾಡಿಸಿದರಾಯಿತು’ ಎಂದು ಲವಂಗ ಕಚ್ಚಿಕೊಂಡು ಕೆಲಸಕ್ಕೆ ಕುಳಿತೆ. ಇಲ್ಲಿರುವ ನಮ್ಮವರಲ್ಲಿ ಅನೇಕರು ಹೇಳುವ ಮಾತೇ ಇದು. ಫೋನಿನಲ್ಲಿ ಅಮ್ಮ ಮಾತ್ರ, “ದುಡ್ಡಿನ ಮುಖ ನೋಡ್ಬೇಡ ಕಣೋ, ಮೊದಲು ತೋರಿಸ್ಕೋ” ಎಂದು ಗದರಿದ್ದರು.

ಸೆಪ್ಟೆಂಬರಿನಲ್ಲಿ ಆಡಿಟ್ ಕೆಲಸಕ್ಕೆಂದು ಮೆಲ್ಬರ್ನ್‌ಗೆ ಹೋದಾಗ ಕೆನ್ನೆ ಊದಿತು, ಜ್ವರ ಏರಿತು, ಕೆಳತುಟಿಯ ಅರ್ಧಭಾಗ ಜೋಮು ಹಿಡಿದಂತಾಯಿತು. ಸರ್ಕಾರಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ ಜೋಮಿನ ಮಾತು ಕೇಳಿದ ಕೂಡಲೇ ಗಂಭೀರವಾದರು. ಸೋಂಕು ಹಲ್ಲನ್ನು ದಾಟಿ ದವಡೆಯ ಮೂಳೆಗೆ ಇಳಿದಿತ್ತು. ಅದರ ಹೆಸರು ಆಸ್ಟಿಯೋಮೈಲೈಟಿಸ್, ಅಂದರೆ ಮೂಳೆಯ ಉರಿಯೂತ.

ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದ ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಮೂಳೆಗೆ ದಾಟುತ್ತದೆ. ಒಳಗೆ ಕೀವು ತುಂಬಿ ರಕ್ತನಾಳಗಳನ್ನು ಒತ್ತುತ್ತದೆ. ರಕ್ತ ಸಿಗದ ಮೂಳೆ ಸಾಯುತ್ತದೆ. ಮೇಲ್ದವಡೆಗೆ ಹೋಲಿಸಿದರೆ ಕೆಳದವಡೆಯ ಮೂಳೆ ಗಟ್ಟಿ, ಅದಕ್ಕೆ ರಕ್ತದ ಸರಬರಾಜು ಕಡಿಮೆ. ಹಾಗಾಗಿ ಈ ಕಾಯಿಲೆ ಹೆಚ್ಚಾಗಿ ಅಲ್ಲೇ. ತುಟಿಗೆ ಹೋಗುವ ನರ ಆ ಮೂಳೆಯೊಳಗೇ ಸಾಗುವುದರಿಂದ ತುಟಿ ಜೋಮು ಹಿಡಿಯುತ್ತದೆ. ನನ್ನ ಹಲ್ಲು ಕಿತ್ತು, ಸತ್ತ ಮೂಳೆಯನ್ನು ಕೆರೆದು ತೆಗೆದರು. ಆಮೇಲೆ ವಾರಗಟ್ಟಲೆ ಆ್ಯಂಟಿಬಯಾಟಿಕ್.

ಆಸ್ಪತ್ರೆಯಿಂದ ಬಿಟ್ಟ ಮೇಲೆ ನಾಲ್ಕು ದಿನ ರಿಚ್ಮಂಡ್‌ನ ಗೆಳೆಯನ ಮನೆಯಲ್ಲಿ ಗಂಜಿ ಕುಡಿದುಕೊಂಡಿದ್ದೆ. ಸಂಜೆ ನಡೆದಾಡಲು ಹೋದರೆ ಚರ್ಚ್ ಸ್ಟ್ರೀಟಿನಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ ಸಿಗುತ್ತಿತ್ತು. ಗಡಿಯಾರದ ಗೋಪುರವಿರುವ ಅದು ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಹಳೆಯ ಕಾರ್ಖಾನೆ, 1909ರದು. ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವ ‘ರೆಡ್‌ಹೆಡ್ಸ್’ ಬೆಂಕಿಕಡ್ಡಿ 1946ರಲ್ಲಿ ಶುರುವಾದದ್ದು ಇದೇ ಕಂಪನಿಯಿಂದ. ದವಡೆಗೆ ಕೈಯಿಟ್ಟುಕೊಂಡು ಅದರ ಮುಂದೆ ನಿಂತಾಗ, ಬೆಂಕಿಕಡ್ಡಿಗೂ ದವಡೆಗೂ ಇರುವ ಹಳೆಯ ನಂಟು ನನಗೆ ಗೊತ್ತಿರಲಿಲ್ಲ. ಓದಿ ತಿಳಿದದ್ದು ಆಮೇಲೆ.

ಹತ್ತೊಂಬತ್ತನೆಯ ಶತಮಾನದ ಬೆಂಕಿಕಡ್ಡಿಗಳಲ್ಲಿ ಬಿಳಿ ರಂಜಕ ಇರುತ್ತಿತ್ತು. ಅದರ ಹೊಗೆಯಲ್ಲಿ ದುಡಿದವರ ದವಡೆಯ ಮೂಳೆ ಸತ್ತು, ಕೊಳೆತು, ಚೂರುಚೂರಾಗಿ ಬರುತ್ತಿತ್ತು. ವಿಯೆನ್ನಾದ ವೈದ್ಯ ಲೊರಿನ್ಸರ್ 1845ರಲ್ಲೇ ಇದನ್ನು ವರದಿ ಮಾಡಿದ್ದ. ಇಂಗ್ಲಿಷಿನಲ್ಲಿ ಇದಕ್ಕೆ ‘ಫಾಸಿ ಜಾ’ ಎಂಬ ಹೆಸರು ಬಿತ್ತು. ನನ್ನದು ಬರೀ ಬ್ಯಾಕ್ಟೀರಿಯಾ ಸೋಂಕು, ಅದು ವಿಷದ ಕಾಯಿಲೆ, ಎರಡೂ ಬೇರೆ. ಆದರೆ ಆ ವಿಷವೂ ಒಳಹೊಗುವುದು ಹುಳುಕು ಹಲ್ಲಿನ ದಾರಿಯಿಂದಲೇ ಎಂದು ಅಂದಿನ ವೈದ್ಯರು ನಂಬಿದ್ದರು. ಹಾಗಾಗಿ ಲಂಡನ್ನಿನ ಬೋ ಬಡಾವಣೆಯಲ್ಲಿದ್ದ ಬ್ರಯಂಟ್ ಅಂಡ್ ಮೇ ಕಾರ್ಖಾನೆಯಲ್ಲಿ, ಹಲ್ಲುನೋವು ಎಂದವರು ಹಲ್ಲು ಕೀಳಿಸಿಕೊಳ್ಳಬೇಕಿತ್ತು, ಇಲ್ಲವೇ ಕೆಲಸ ಬಿಡಬೇಕಿತ್ತು. ಕೂಲಿಯ ಹೆಣ್ಣುಮಕ್ಕಳು ನೋವನ್ನು ಬಾಯೊಳಗೇ ಅಡಗಿಸಿಟ್ಟುಕೊಂಡಿದ್ದರೆ ಆಶ್ಚರ್ಯವೇನು?

1888ರ ಜೂನ್‌ನಲ್ಲಿ ಆ್ಯನಿ ಬೆಸೆಂಟ್ ಆ ಕಾರ್ಖಾನೆಯ ಕೂಲಿ, ದಂಡ, ದುಡಿಮೆಯ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಜುಲೈಯಲ್ಲಿ ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ಅವರು ಗೆದ್ದುಕೊಂಡದ್ದರಲ್ಲಿ ಒಂದು, ರಂಜಕದ ಹೊಗೆಯಿಂದ ದೂರ ಕುಳಿತು ಉಣ್ಣಲು ಬೇರೆ ಕೋಣೆ. 1893ರಲ್ಲಿ ಭಾರತಕ್ಕೆ ಬಂದ ಇದೇ ಬೆಸೆಂಟರ ನೆರಳಿನಲ್ಲಿ ನಮ್ಮ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಹುಟ್ಟಿತು. ಆ ಶಾಲೆಯ ಮುಂದೆ ಎಷ್ಟೋ ಸಲ ಓಡಾಡಿದ್ದ ನನಗೆ ಈ ಬೆಂಕಿಕಡ್ಡಿಯ ಕತೆ ಗೊತ್ತೇ ಇರಲಿಲ್ಲ.

ಮುಷ್ಕರ ಗೆದ್ದರೂ ಬಿಳಿ ರಂಜಕ ಕೂಡಲೇ ಹೋಗಲಿಲ್ಲ. 1898ರಲ್ಲಿ, 17 ದವಡೆ ಪ್ರಕರಣಗಳನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದಕ್ಕೆ ಕಂಪನಿಗೆ ದಂಡ ಬಿತ್ತು. ಮೊತ್ತ ಸುಮಾರು 25 ಪೌಂಡ್. ಭಾಗಿಸಿ ನೋಡಿದೆ, ಒಂದು ದವಡೆಗೆ ಒಂದೂವರೆ ಪೌಂಡ್! ಕಂಪನಿ ಬಿಳಿ ರಂಜಕ ಬಿಟ್ಟದ್ದು 1901ರಲ್ಲಿ. ಬ್ರಿಟನ್ನು 1908ರಲ್ಲಿ, ಭಾರತ 1913ರಲ್ಲಿ ನಿಷೇಧದ ಕಾನೂನು ತಂದವು. ಅಪಾಯವಿಲ್ಲದ ಕೆಂಪು ರಂಜಕ ದಶಕಗಳಿಂದ ಇದ್ದೇ ಇತ್ತು. ಬಿಳಿಯದು ಅಗ್ಗ, ಅಷ್ಟೆ.

ಮುಂದಿನ ಅಧ್ಯಾಯವೂ ಮೆಲ್ಬರ್ನಿನದೇ. ಪೆನಿಸಿಲಿನ್ ಬರುವ ಮೊದಲು ನನ್ನಂಥವರಿಗೆ ಕೀವು ಬಸಿದು ಕಾಯುವುದಲ್ಲದೆ ಬೇರೆ ದಾರಿ ಕಡಿಮೆ. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. ಅಡಿಲೇಡಿನಲ್ಲಿ ಹುಟ್ಟಿದ ಹೊವಾರ್ಡ್ ಫ್ಲೋರಿ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ನನ್ನು ಔಷಧಿಯಾಗಿಸಿದರು. 1944ರಲ್ಲಿ ಮೆಲ್ಬರ್ನಿನ ಪಾರ್ಕ್‌ವಿಲ್‌ನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್ ಅದನ್ನು ತಯಾರಿಸಿತು. ಸೈನಿಕರಿಗಷ್ಟೇ ಅಲ್ಲದೆ ಜನಸಾಮಾನ್ಯರಿಗೂ ಅದು ಸಿಕ್ಕ ಮೊದಲ ದೇಶ ಆಸ್ಟ್ರೇಲಿಯಾ ಎನ್ನುತ್ತಾರೆ. ಹುಳುಕನ್ನೇ ತಡೆಯಲು ಸಿಡ್ನಿಯ ಕುಡಿಯುವ ನೀರಿಗೆ 1968ರಲ್ಲಿ, ಮೆಲ್ಬರ್ನಿನ ನೀರಿಗೆ 1977ರಲ್ಲಿ ಫ್ಲೋರೈಡ್ ಬೆರೆಸಿದರು.

ಇಷ್ಟೆಲ್ಲ ಮಾಡಿದ ದೇಶ ಹಲ್ಲನ್ನು ಮಾತ್ರ ಲೆಕ್ಕದಿಂದ ಹೊರಗಿಟ್ಟಿತು. 1975ರಲ್ಲಿ ವಿಟ್ಲಮ್ ಸರ್ಕಾರದ ಮೆಡಿಬ್ಯಾಂಕ್ ಬಂತು, 1984ರಲ್ಲಿ ಹಾಕ್ ಸರ್ಕಾರದ ಮೆಡಿಕೇರ್. ಸಾಮಾನ್ಯ ಹಲ್ಲಿನ ಚಿಕಿತ್ಸೆ ಎರಡರಲ್ಲೂ ಇಲ್ಲ. ಬಡ ವಯಸ್ಕರಿಗೆಂದು ಕೇಂದ್ರ ಸರ್ಕಾರ 1994ರಲ್ಲಿ ತಂದ ಯೋಜನೆ 1996ರಲ್ಲೇ ನಿಂತಿತು. ಮಕ್ಕಳ ಹಲ್ಲಿಗೆ ಒಂದು ಯೋಜನೆ 2014ರಿಂದ ಇದೆ. ಕಡಿಮೆ ಆದಾಯದವರಿಗೆ ರಾಜ್ಯಗಳ ದಂತ ಚಿಕಿತ್ಸಾಲಯಗಳಿವೆ, ಸರದಿ ಉದ್ದ. ಉಳಿದವರು ಸ್ವಂತ ವಿಮೆ ಮಾಡಿಸಬೇಕು, ಇಲ್ಲವೇ ಜೇಬಿಗೆ ಕೈ ಹಾಕಬೇಕು.

ಪ್ರತಿವರ್ಷ ಗಿರಾಕಿಗಳ ತೆರಿಗೆ ಪತ್ರದಲ್ಲಿ ಶೇಕಡಾ 2ರ ಮೆಡಿಕೇರ್ ಲೆವಿ ಲೆಕ್ಕ ಹಾಕುವವನು ನಾನು. ನನ್ನ ಹಲ್ಲು ಬರೀ ಹಲ್ಲಾಗಿದ್ದಾಗ ಖರ್ಚು ಪೂರ್ತಿ ನನ್ನದು. ಅದೇ ಸೋಂಕು ಮೂಳೆಗೆ ಇಳಿದ ದಿನ ಖರ್ಚು ಸರ್ಕಾರದ್ದು. ಶಸ್ತ್ರಚಿಕಿತ್ಸೆ, ಹಾಸಿಗೆ, ಡ್ರಿಪ್ ಎಲ್ಲ ಸೇರಿ ನನಗೆ ಬಂದ ಬಿಲ್ಲು ಸೊನ್ನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವುದೆಂದರೆ ಇದೇ. ಚಿಕ್ಕ ಖರ್ಚನ್ನು ಮುಂದೂಡಿದವನು ನಾನು, ಬಡ್ಡಿ ತೆತ್ತದ್ದು ಊರಿನವರೆಲ್ಲರ ತೆರಿಗೆ. ನನ್ನ ಪಾಲಿಗೆ ಉಳಿದದ್ದು ಒಂದು ಹಲ್ಲಿನ ಜಾಗ, ತುಟಿಯ ಅಂಚಿನಲ್ಲಿ ಇನ್ನೂ ಪೂರ್ತಿ ಹೋಗದ ಜೋಮು.

ನಾನು ಮುಂದೂಡಿದ್ದು ಬರೀ ಲೋಭದಿಂದ. ಆದರೆ ಟ್ಯಾಕ್ಸಿ ಓಡಿಸುವವರು, ವಿದ್ಯಾರ್ಥಿ ವೀಸಾದ ಹುಡುಗರು ಇಲ್ಲದ ದುಡ್ಡಿಗಾಗಿ ಮುಂದೂಡುತ್ತಾರೆ. ಬೋ ಬಡಾವಣೆಯ ಹೆಣ್ಣುಮಕ್ಕಳೂ ಕೆಲಸ ಹೋದೀತೆಂಬ ಭಯಕ್ಕೇ ಬಾಯಿ ಮುಚ್ಚಿಕೊಳ್ಳಬೇಕಾಗಿತ್ತು. ಅದನ್ನು ನೆನೆದಾಗಲೆಲ್ಲ ಕೈ ತಾನಾಗಿ ದವಡೆಗೆ ಹೋಗುತ್ತದೆ.

ಈಗ ಪ್ರತಿ ಜುಲೈ ನನ್ನ ಗಿರಾಕಿಗಳಿಗೆ ಸಂಬಳದ ಪತ್ರ, ಬ್ಯಾಂಕ್ ಬಡ್ಡಿಯ ಜೊತೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: “ಈ ವರ್ಷ ಹಲ್ಲು ತೋರಿಸಿಕೊಂಡಿರಾ?” ಕೆಲವರು ನಗುತ್ತಾರೆ. ಕೆಲವರು, “ಡಿಸೆಂಬರಿಗೆ ಊರಿಗೆ ಹೋಗ್ತೀವಲ್ಲ ಸಾರ್” ಎನ್ನುತ್ತಾರೆ. ಅಂಥವರನ್ನು ಕೂರಿಸಿ, ಒಂದು ಕಪ್ ಕಾಫಿ ಕೊಟ್ಟು, ಈ ಕತೆ ಹೇಳುತ್ತೇನೆ.