ಎದೆಗುಂದದಿರಲು ಏನು ಬೇಕು? ಅಮ್‌ವಾಸ್‌ನಿಂದ ಹುಬ್ಬಳ್ಳಿಯವರೆಗೆ

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ಹಳೇ ಹುಬ್ಬಳ್ಳಿಯ ಯುವಕನೊಬ್ಬ ನನ್ನ ಬಳಿ ಬಂದು ಕುಳಿತನು. ಸಾಲದ ಕಂತು ವಸೂಲಿ ಮಾಡುವುದು ಅವನ ಉದ್ಯೋಗ. ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಓದಲು ಏನಾದರೂ ಹೇಳಿರಿ ಹಝರತ್ ಎಂದು ಕೇಳಿದನು. ದುಆ ಹೇಳಿಕೊಟ್ಟೆ. ಆದರೂ ಅವನು ಏಳಲಿಲ್ಲ. ಆಗ ಅವನಿಗೆ ಪ್ಲೇಗಿನ ಇತಿಹಾಸವನ್ನು ಹೇಳತೊಡಗಿದೆ. ನಿದ್ದೆಗೂ ಪ್ಲೇಗಿಗೂ ಏನು ಸಂಬಂಧವೆಂದು ಅವನು ಮುಖ ನೋಡಿದನು.

ಹಿಜರಿ 18ನೇ ವರ್ಷದ ಸುಮಾರಿಗೆ ಶಾಮ್ ನಾಡಿನಲ್ಲಿ ಹಬ್ಬಿದ ಪ್ಲೇಗಿಗೆ ಅಮ್‌ವಾಸ್ ಎಂಬ ಊರಿನ ಹೆಸರೇ ಉಳಿದಿದೆ. ಆ ಕಡೆಗೆ ಹೊರಟಿದ್ದ ಹಝ್ರತ್ ಉಮರ್(ರ) ಅವರಿಗೆ ಸರ್ಗ್ ಎಂಬಲ್ಲಿ ರೋಗದ ಸುದ್ದಿ ತಲುಪಿತು. ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕರೆದು ಕೇಳಿದರು; ಎರಡೂ ಗುಂಪಿನಲ್ಲಿ ಒಮ್ಮತವಿರಲಿಲ್ಲ. ಕುರೈಶ್ ಹಿರಿಯರು ಹಿಂದಿರುಗುವುದೇ ಸರಿಯೆಂದರು, ಉಮರ್(ರ) ಒಪ್ಪಿದರು. ಸೇನಾನಿ ಅಬೂ ಉಬೈದಾ(ರ) ಇದಕ್ಕೆ ಆಕ್ಷೇಪಿಸಿ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಕೇಳಿದರು. ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರ. ಒಂಟೆ ಮೇಯಿಸುವವನು ಬೋಳು ದಿಣ್ಣೆಯನ್ನು ಬಿಟ್ಟು ಹಸಿರು ದಿಣ್ಣೆಗೆ ಹೋದರೂ ಅವನು ವಿಧಿಯ ಒಳಗೇ ಇರುತ್ತಾನೆಂದು ವಿವರಿಸಿದರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ನಾಡಿಗೆ ಹೋಗಬಾರದು, ತಾವಿರುವ ನಾಡಿನಲ್ಲಿ ಅದು ಹಬ್ಬಿದರೆ ಅಲ್ಲಿಂದ ಪಲಾಯನ ಮಾಡಬಾರದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ತಿಳಿಸಿದರು.

ಇಷ್ಟನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿರುತ್ತೇವೆ. ಮುಂದಿನದನ್ನು ಕಡಿಮೆ ಕೇಳುತ್ತೇವೆ. ಮದೀನಾ ತಲುಪಿದ ಉಮರ್(ರ), ತುರ್ತು ಕೆಲಸವಿದೆ, ಕೂಡಲೇ ಬನ್ನಿರಿ ಎಂದು ಅಬೂ ಉಬೈದಾ(ರ) ಅವರಿಗೆ ಪತ್ರ ಬರೆದರು. ತಮ್ಮನ್ನು ಉಳಿಸಲೆಂದೇ ಈ ಕರೆ ಬಂದಿದೆಯೆಂದು ಅವರಿಗೆ ಅರ್ಥವಾಯಿತು. ಸೈನಿಕರನ್ನು ಬಿಟ್ಟು ಒಬ್ಬನೇ ಬರಲಾರೆ, ಕ್ಷಮಿಸಿರಿ ಎಂದು ಉತ್ತರಿಸಿದರು. ಅದನ್ನು ಓದಿ ಉಮರ್(ರ) ಅತ್ತರು. ಬಳಿಕ, ತಗ್ಗಿನಲ್ಲಿರುವ ಸೈನ್ಯವನ್ನು ಎತ್ತರದ ಆರೋಗ್ಯಕರ ಜಾಗಕ್ಕೆ ಸಾಗಿಸಿರಿ ಎಂದು ಎರಡನೆಯ ಪತ್ರ ಬರೆದರು. ಇದನ್ನು ಅಬೂ ಉಬೈದಾ(ರ) ನಿರಾಕರಿಸಲಿಲ್ಲ, ಸಿದ್ಧತೆಗೆ ತೊಡಗಿದರು. ಅದೇ ಪ್ಲೇಗಿನಲ್ಲಿ ಅವರು ತೀರಿಕೊಂಡರು. ಅವರ ಬಳಿಕ ಹೊಣೆ ಹೊತ್ತ ಮುಆದ್ ಬಿನ್ ಜಬಲ್(ರ) ಕೂಡ ತೀರಿಕೊಂಡರು. ಕೊನೆಗೆ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು.

ನನ್ನನ್ನು ಸದಾ ಹಿಡಿದು ನಿಲ್ಲಿಸುವುದು ಆ ಎರಡು ಪತ್ರಗಳ ನಡುವಿನ ಅಂತರ. ಒಬ್ಬಂಟಿಯಾಗಿ ಪಾರಾಗಲು ಒಪ್ಪದವರು, ಎಲ್ಲರೊಡನೆ ಸುರಕ್ಷಿತ ಜಾಗಕ್ಕೆ ಹೋಗಲು ತಕ್ಷಣ ಒಪ್ಪಿದರು. ಅವರಿಗೆ ಸಾವಿನ ಹಂಬಲವೂ ಇರಲಿಲ್ಲ, ಹಟವೂ ಇರಲಿಲ್ಲ. ತನ್ನ ವಶಕ್ಕೆ ಬಂದವರು ಅಮಾನತ್ತು ಎಂಬ ಒಂದು ಮಾತು ಪ್ಲೇಗ್ ಬರುವ ಮೊದಲೇ ಅವರೊಳಗೆ ಇತ್ಯರ್ಥವಾಗಿತ್ತು. ಆದುದರಿಂದ ಭಯದ ಹೊತ್ತಿನಲ್ಲಿ ಅದನ್ನು ಹೊಸದಾಗಿ ಯೋಚಿಸಬೇಕಾಗಿ ಬರಲಿಲ್ಲ.

ಮದ್ರಸಾದಲ್ಲಿ ಬುಲೂಗುಲ್ ಮರಾಮ್ ಓದಿದವರಿಗೆ ಇಬ್ನು ಹಜರ್ ಅಸ್ಕಲಾನಿ(ರಹ) ಪರಿಚಿತರು. ಕೈರೋದ ಈ ವಿದ್ವಾಂಸರ ಮೂವರು ಹೆಣ್ಣುಮಕ್ಕಳು ಪ್ಲೇಗಿಗೆ ಬಲಿಯಾದರು. ಅವರು ಪ್ಲೇಗಿನ ಬಗ್ಗೆಯೇ ಒಂದು ಗ್ರಂಥ ಬರೆದರು. ಹಿಜರಿ 833ರಲ್ಲಿ ಜನರು ಬಯಲಿನಲ್ಲಿ ಗುಂಪುಗೂಡಿ ಪ್ರಾರ್ಥಿಸಿದ ಬಳಿಕ ಸಾವು ಇಳಿಯಲಿಲ್ಲ, ಏರಿತು ಎಂಬುದನ್ನು ಅದರಲ್ಲಿ ಮುಚ್ಚಿಡದೆ ದಾಖಲಿಸಿದ್ದಾರೆ. ಮಕ್ಕಳನ್ನು ಕಳೆದುಕೊಂಡ ತಂದೆಯ ಲೇಖನಿ ಕಂಡದ್ದನ್ನೇ ಬರೆಯಿತು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಬಳಿಕ ನಮ್ಮ ಊರನ್ನೂ ತಲುಪಿತು. ರೈಲ್ವೆ ವರ್ಕ್‌ಶಾಪಿನ ಊರಾದ ಹುಬ್ಬಳ್ಳಿಯ ಜನಸಂಖ್ಯೆ ಆಗ ಸುಮಾರು ಐವತ್ತು ಸಾವಿರ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದರು. 1898ರ ಬೇಸಿಗೆಯಿಂದ ಮಳೆಗಾಲ ಮುಗಿಯುವ ಹೊತ್ತಿಗೆ, ಲ್ಯೂಮನ್ ಎಂಬ ಸೇನಾವೈದ್ಯರ ನೇತೃತ್ವದಲ್ಲಿ ಹುಬ್ಬಳ್ಳಿಯ 35,000ಕ್ಕೂ ಹೆಚ್ಚು ಜನರು ಅದನ್ನು ಹಾಕಿಸಿಕೊಂಡರು. ಧಾರವಾಡದ ಲಸಿಕೆ ಕಾರ್ಯದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯೆ ಇದ್ದರು. ಪರ್ದಾದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಮನೆ ಶೋಧಗಳ ಮೇಲಿನ ಸಿಟ್ಟು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯಲ್ಲಿ ಕೊನೆಗೊಂಡಿತ್ತು. ಅಂತಹ ಕಾಲದಲ್ಲಿ ಪರಕೀಯ ಸರಕಾರದ ಸೂಜಿಗೆ ತೋಳು ಒಡ್ಡಬೇಕಿತ್ತು, ಚುಚ್ಚಿದ ಬಳಿಕದ ಜ್ವರವನ್ನೂ ಸಹಿಸಬೇಕಿತ್ತು.

ತೋಳು ಒಡ್ಡಿದವರೆಲ್ಲರೂ ಧೈರ್ಯವಂತರೆಂದು ನಾನು ಹೇಳಲಾರೆ. ಕೆಲವರು ಭಯದಿಂದ, ಕೆಲವರು ಅಧಿಕಾರಿಗಳ ಒತ್ತಾಯದಿಂದ ಬಂದಿರಬಹುದು. ಆದರೆ ಮಗುವನ್ನು ಎತ್ತಿಕೊಂಡು ಸರದಿಯಲ್ಲಿ ನಿಂತ ತಾಯಿಗೆ ತಾನು ಯಾರಿಗಾಗಿ ನಿಂತಿದ್ದೇನೆಂದು ತಿಳಿದಿರುತ್ತದೆ. ಪ್ಲೇಗಿನಿಂದ ಸತ್ತವರಿಗೆ ಗುಸ್ಲ್ ಮಾಡಿಸಿ ಕಬರಸ್ತಾನಕ್ಕೆ ಒಯ್ಯುವುದು ಫರ್ಝ್ ಕಿಫಾಯಾ. ಯಾರೂ ಮಾಡದಿದ್ದರೆ ಇಡೀ ಊರು ಪಾಪಿಯಾಗುತ್ತದೆ. 2020-21ರ ಕೊರೊನಾ ದಿನಗಳಲ್ಲಿ ಆ ಕೆಲಸಕ್ಕೆ ಮುಂದೆ ಬಂದ ಯುವಕರ ಕೈ ನಡುಗುವುದನ್ನು ನಾವು ಕಂಡಿದ್ದೇವೆ. ನಡುಗುವ ಕೈಗಳಿಂದಲೇ ಅವರು ಕೆಲಸ ಮುಗಿಸಿದರು.

ಇದನ್ನೆಲ್ಲ ಕೇಳಿ ಆ ಯುವಕ ಬಹಳ ಹೊತ್ತು ಸುಮ್ಮನಿದ್ದನು. ನಂತರ, ಗಂಡಸರು ಇಲ್ಲದ ಮನೆಯೆಂದು ತಿಳಿದೇ ರಾತ್ರಿ ಹೋಗಿ ಬಾಗಿಲು ಬಡಿಯಲು ತನ್ನನ್ನು ಕಳುಹಿಸುತ್ತಾರೆಂದು ಹೇಳಿದನು. ಬಡ್ಡಿಯ ವ್ಯವಹಾರದ ಪ್ರಶ್ನೆ ಬೇರೆಯೇ ಇದೆ. ಅದನ್ನೂ ಅವನಿಗೆ ತಿಳಿಸಿದ್ದೇನೆ, ಬೇರೆ ಕೆಲಸ ಹುಡುಕಲು ನಾವು ಕೆಲವರು ಸಹಾಯ ಮಾಡುತ್ತಿದ್ದೇವೆ. ಎರಡು ವಾರದ ಬಳಿಕ ಜುಮಾ ಮುಗಿಸಿ ಹೋಗುವಾಗ ಸಿಕ್ಕನು. ಮಗ್ರಿಬ್ ಆದ ಮೇಲೆ ಯಾರ ಬಾಗಿಲನ್ನೂ ಬಡಿಯುವುದಿಲ್ಲವೆಂದು ಮೇಲಿನವರಿಗೆ ಹೇಳಿದ್ದಾನಂತೆ. ಬೈಗುಳ ತಿಂದಿದ್ದಾನೆ, ಕೆಲಸ ಉಳಿಯುವುದೋ ಇಲ್ಲವೋ ಅವನಿಗೇ ತಿಳಿಯದು. ಹಿಂದಿನ ರಾತ್ರಿ ಮಾತ್ರ ಫಜ್ರ್ ಅಝಾನಿನವರೆಗೆ ಎಚ್ಚರವಾಗಲಿಲ್ಲವೆಂದನು.